ಹ್ಯೂಸ್ಟನ್ನಿನಲ್ಲಿ ಸಿಕ್ಕ ಈಶಾಪುರದ ತ್ರೀ ನಾಟ್ ತ್ರೀ

ಹಾಸನದಲ್ಲಿ ಪೊಲೀಸ್ ಪೇದೆಯಾಗಿದ್ದ ನಮ್ಮ ದೊಡ್ಡಪ್ಪನ ಹೆಗಲ ಮೇಲೆ ಇರುತ್ತಿದ್ದದ್ದು ತ್ರೀ ನಾಟ್ ತ್ರೀ (.303) ರೈಫಲ್. ನಮಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ ಅದೇ ಲೀ-ಎನ್‌ಫೀಲ್ಡ್ ಕಂಡಾಗ ಬಿಡಲಾಗಲಿಲ್ಲ. ಕಿರೀಟದ ಮುದ್ರೆ, ಕೆಳಗೆ 'ಜಿಆರ್‌ಐ', ಅಂದರೆ ಆಗಿನ ಚಕ್ರವರ್ತಿ ಜಾರ್ಜ್ ದೊರೆಯ ಗುರುತು, ಬಂಗಾಳದ ಬಂದೂಕು ಕಾರ್ಖಾನೆಯ ಊರು ಈಶಾಪುರ, 1943. ಕೊಂಡೇಬಿಟ್ಟೆ.

ಮನೆಗೆ ತಂದು ನೋಡಿದರೆ ಕಾಡತೂಸನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟಿನ ನಂಬರೇ ಬೇರೆ, ಬಾಡಿಯ ನಂಬರೇ ಬೇರೆ. ಯಾವುದರದ್ದೋ ಬೋಲ್ಟ್ ಇದಕ್ಕೆ ತುರುಕಿದ್ದರು. ಹಾರಿಸದೆ ನೇರ ಬಂದೂಕು ರಿಪೇರಿಯವರ ಹತ್ತಿರ ಹೋದೆ. ಅವರು ಗೇಜ್ ಹಾಕಿ ತಲೆ ಅಲ್ಲಾಡಿಸಿದರು. ಬೋಲ್ಟಿಗೂ ಕಾಡತೂಸಿನ ಬುಡದ ಅಂಚಿಗೂ ನಡುವೆ ಸಂದು ಜಾಸ್ತಿ. ಹಾಗಿದ್ದರೆ ಹಿತ್ತಾಳೆ ಕೊಳವೆ ಹಿಗ್ಗಿ ಬುಡದಲ್ಲಿ ಸೀಳುತ್ತದೆ, ಬಿಸಿ ಗ್ಯಾಸ್ ಮುಖಕ್ಕೇ ಬರಬಹುದು. ಬೋಲ್ಟಿನ ತುದಿಗೆ ಬೇರೆ ಹೆಡ್ ಹಾಕಿದ ಮೇಲೆ ಸರಿಹೋಯಿತು. ಈಗಲೂ ಖಾಲಿ ಕೊಳವೆಗಳನ್ನು ಬಿಸಿಲಿಗೆ ಹಿಡಿದು ನೋಡುತ್ತೇನೆ. ಬುಡದ ಹತ್ತಿರ ಸುತ್ತಲೂ ಉಂಗುರದಂತೆ ಹೊಳೆಯುವ ಗೆರೆ ಕಂಡರೆ ಅದು ಸೀಳುವ ಸೂಚನೆ, ಅವತ್ತಿನ ಶೂಟಿಂಗ್ ಅಲ್ಲಿಗೇ ಬಂದ್.

ಆದರೆ ಕಾಡತೂಸಿನಲ್ಲಿ ಎಡವಿದೆ. ಅಗ್ಗಕ್ಕೆ ಸಿಕ್ಕಿತೆಂದು ಹಳೇ ಮಿಲಿಟರಿ ಪೊಟ್ಟಣ ತಂದಿದ್ದೆ. ಟ್ರಿಗರ್ ಎಳೆದೆ. ಟಕ್ ಅಂತು, ಅಷ್ಟೇ. ಬೋಲ್ಟಿಗೆ ಕೈ ಹೋಗುವಷ್ಟರಲ್ಲಿ ಢಂ! ಪುಣ್ಯಕ್ಕೆ ನಳಿಗೆ ಗುರಿಯ ಕಡೆಗೇ ಇತ್ತು. ಈಗ ಟಕ್ ಅಂದರೆ ನಳಿಗೆ ಕದಲಿಸದೆ ಒಂದು ನಿಮಿಷ ಸುಮ್ನೆ ಕಾಯುತ್ತೇನೆ.

ಅದೇ ಪೊಟ್ಟಣ ಇನ್ನೊಂದು ಪಾಠವನ್ನೂ ಕಲಿಸಿತು. ಕಾಡತೂಸಿನ ಬುಡದಲ್ಲಿ ಕಿಡಿ ಹೊತ್ತಿಸುವ ಹಳೇ ಪ್ರೈಮರ್ ಉರಿದು ನಳಿಗೆಯೊಳಗೆ ಒಂದು ಥರ ಉಪ್ಪು ಬಿಡುತ್ತದೆ. ಹ್ಯೂಸ್ಟನ್ನಿನ ತೇವದ ಗಾಳಿಗೆ ಅದು ನೀರೆಳೆದುಕೊಂಡು ತುಕ್ಕು ಹಿಡಿಸುತ್ತದೆ. ನಾನು ಬರೀ ಎಣ್ಣೆ ಒರೆಸಿಟ್ಟಿದ್ದೆ. ಎಣ್ಣೆಯಲ್ಲಿ ಉಪ್ಪು ಕರಗುತ್ತಾ? ಮರುದಿನ ಒಳಗೆಲ್ಲ ಕಂದು ಬಣ್ಣ. ಮೊದಲು ಬಿಸಿನೀರು ಹೊಯ್ದು ತೊಳೆಯಬೇಕು, ಚೆನ್ನಾಗಿ ಒಣಗಿಸಬೇಕು, ಆಮೇಲೆ ಎಣ್ಣೆ. ಈಗಂತೂ ಹೊಸ ಕಾಡತೂಸೇ ತರುತ್ತೇನೆ.

ಮ್ಯಾಗಜಿನ್‌ಗೆ ಹತ್ತು ಕಾಡತೂಸು ಹಿಡಿಯುತ್ತದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಲಿ, ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ. ಗುರಿ ಹಿಡಿಯುವ ಸೈಟಿನ ಅಳತೆ ಶುರುವಾಗುವುದೇ 200 ಗಜದಿಂದ. 100 ಗಜದಲ್ಲಿ ನನ್ನ ಗುಂಡುಗಳೆಲ್ಲ ಗುರಿಗಿಂತ ಮೇಲೇ ಬಿದ್ದವು. ಈಗ ಸ್ವಲ್ಪ ಕೆಳಗೆ ಹಿಡಿಯುತ್ತೇನೆ.

ದೊಡ್ಡಪ್ಪನಿಗೆ ವಿಡಿಯೋ ಕಳಿಸಿದೆ. "ಹೆಗಲಿಗೆ ಇನ್ನೂ ಒತ್ತಿ ಹಿಡಿಯೋ, ಇಲ್ಲಾಂದ್ರೆ ಒದೆಯುತ್ತೆ" ಅಂದರು. ಹೆಗಲು ಆಗಲೇ ನೀಲಿಗಟ್ಟಿತ್ತು.