ಕೆರೆ ಏರಿ ಹಿಡಿದು ಹುಟ್ಟೂರಿಗೆ: ಉಪಗ್ರಹ ಚಿತ್ರದಲ್ಲಿ ಬಾಲ್ಯದ ಊರು ಹುಡುಕುವ ಬಗೆ

ಊರು ಬಿಟ್ಟು ಮೂವತ್ತು ವರ್ಷವಾದ ಮೇಲೆ ಉಪಗ್ರಹ ಚಿತ್ರ ತೆರೆದವರು ಮೊದಲು ಹುಡುಕುವುದು ಮನೆಯನ್ನು. ಸುಲಭಕ್ಕೆ ಸಿಗದಿರುವುದೂ ಅದೇ. ಹಂಚು ಇಳಿಸಿ ತಾರಸಿ ಹಾಕಿರುತ್ತಾರೆ, ಹಿತ್ತಲು ಎರಡು ಪಾಲಾಗಿರುತ್ತದೆ, ಮುಂದಿನ ಬಯಲಲ್ಲಿ ಸೈಟುಗಳು ಎದ್ದಿರುತ್ತವೆ. ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಜಾಗ ಬದಲಿಸದವನ್ನು ಹಿಡಿಯಿರಿ: ಕೆರೆ ಏರಿ, ರೈಲು ಹಳಿ, ಹೊಳೆಯ ತಿರುವು, ಗುಡ್ಡದ ನೆತ್ತಿ, ಗುಡಿಯ ಪೌಳಿ.

ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ. 2015ರಿಂದ ಅದು ಉಚಿತ. ಹೆಸರು ಹಾಕಿ ಹುಡುಕುವಾಗ ತಾಲ್ಲೂಕನ್ನೂ ಜಿಲ್ಲೆಯನ್ನೂ ಸೇರಿಸಿ, ಏಕೆಂದರೆ ಹೊಸಹಳ್ಳಿ, ಹೊಸೂರು, ಕಲ್ಲಹಳ್ಳಿ ಎಂಬ ಊರುಗಳು ನಾಡಿನ ತುಂಬ ಇವೆ. ಪಿನ್‌ಕೋಡ್ ನಂಬಬೇಡಿ, ಒಂದೇ ಪಿನ್‌ಕೋಡಿನಡಿ ಹತ್ತಾರು ಹಳ್ಳಿ ಇರುತ್ತವೆ. ಹತ್ತಿರದ ರೈಲು ನಿಲ್ದಾಣವನ್ನೋ ಹೋಬಳಿ ಕೇಂದ್ರವನ್ನೋ ಹುಡುಕಿ, ಅಲ್ಲಿಂದ ಬಸ್ಸು ಬರುತ್ತಿದ್ದ ದಾರಿ ಹಿಡಿದು ಊರಿಗೆ ಬನ್ನಿ.

ಬಯಲುಸೀಮೆಯಾದರೆ ಕೆರೆ ಬೇಗ ಕೈಗೆ ಸಿಗುತ್ತದೆ. ಒಂದು ಬದಿಗೆ ಗಟ್ಟಿಯಾದ ಏರಿಯ ಗೆರೆ, ಇನ್ನೊಂದು ಬದಿಗೆ ಹರಡಿಕೊಂಡ ಅಂಗಳ, ಏರಿಯ ಕೆಳಗೆ ಹಸಿರು ಗದ್ದೆ ಅಥವಾ ತೋಟ. ಕೆರೆ ಒಣಗಿದರೂ, ಮುಚ್ಚಿದರೂ ಈ ಆಕಾರ ಬಹಳ ಕಾಲ ಉಳಿಯುತ್ತದೆ, ಏರಿಯೇ ರಸ್ತೆಯಾಗಿರುವುದೂ ಉಂಟು. ಮಾರ್ಚಿನ ಚಿತ್ರದಲ್ಲಿ ಕಂದು ಬಣ್ಣ ಕಂಡ ಕೂಡಲೇ ಕೆರೆ ಒತ್ತುವರಿಯಾಯಿತೆಂದು ಮರುಗಬೇಡಿ. ಅದೇ ವರ್ಷದ ಅಕ್ಟೋಬರ್ ಅಥವಾ ನವೆಂಬರಿನ ಚಿತ್ರವನ್ನೂ ನೋಡಿ.

ಎತ್ತರದ ವಸ್ತುಗಳನ್ನು ನೆರಳಿನಿಂದ ಗುರುತಿಸಿ. ನೆಲ ಚಿತ್ರಿಸುವ ಬಹುತೇಕ ಉಪಗ್ರಹಗಳು ಬೆಳಿಗ್ಗೆ 10ರಿಂದ 11ರ ಆಸುಪಾಸಿನಲ್ಲಿ ನಮ್ಮ ಮೇಲೆ ಹಾದುಹೋಗುತ್ತವೆ. ಡಿಸೆಂಬರ್, ಜನವರಿಯಲ್ಲಿ ನೆರಳು ವಾಯವ್ಯಕ್ಕೆ ಉದ್ದವಾಗಿ ಬೀಳುತ್ತದೆ. ಮೇಲಿನಿಂದ ಬರಿಯ ಚುಕ್ಕೆಯಾದ ನೀರಿನ ಟ್ಯಾಂಕು, ಗೋಪುರ, ಒಂಟಿ ತೆಂಗಿನ ಮರ ಆಗ ನೆರಳಲ್ಲಿ ಎದ್ದು ಕಾಣುತ್ತವೆ. ತೆಂಗಿನ ನೆತ್ತಿ ನಕ್ಷತ್ರದಂತೆ, ಅಡಿಕೆ ತೋಟ ಒತ್ತಾದ ಚುಕ್ಕೆಗಳಂತೆ, ಹಳೆಯ ಬಾವಿ ಕಪ್ಪು ದುಂಡು ಅಥವಾ ಚೌಕದಂತೆ ಕಾಣುತ್ತದೆ.

ಈಗ ಹಿಂದಕ್ಕೆ ಹೋಗಿ. ವ್ಯೂ ಮೆನುವಿನಲ್ಲಿ ಹಿಸ್ಟಾರಿಕಲ್ ಇಮೇಜರಿ ಒತ್ತಿದರೆ ಮೇಲೆ ಕಾಲಪಟ್ಟಿ ಬರುತ್ತದೆ. ಪಟ್ಟಿಯ ತುದಿಯಲ್ಲಿ 1985 ಎಂದು ಕಂಡು ಹಿಗ್ಗಬೇಡಿ. ಆ ಹಳೆಯ ಚಿತ್ರಗಳು ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳವು, ಅವುಗಳಲ್ಲಿ ಒಂದು ಚುಕ್ಕೆ ಎಂದರೆ 30 ಮೀಟರ್ ನೆಲ. ಹತ್ತಿರ ಹೋದರೆ ಬರೀ ಮಸುಕು. ಮನೆಗಳು ಕಾಣುವ ಚಿತ್ರ ದೊಡ್ಡ ಊರುಗಳಿಗೆ 2000ದ ಈಚೆಗೆ, ಅನೇಕ ಹಳ್ಳಿಗಳಿಗೆ ಇನ್ನೂ ಕೆಲವು ವರ್ಷ ತಡವಾಗಿ ಸಿಗುತ್ತದೆ. ಅಲ್ಲಿ ಸಿಗುವ ಮೊದಲ ಸ್ಪಷ್ಟ ಚಿತ್ರವೇ ನಿಮ್ಮ ಪಾಲಿನ ಚಿನ್ನ. ಹೆದ್ದಾರಿ ಅಗಲವಾಗುವ ಮೊದಲಿನ ಸಾಲುಮರ, ಕಣ, ಗುಂಡುತೋಪು ಅದರಲ್ಲಿ ಉಳಿದಿರಬಹುದು.

ಒಂದು ವರ್ಷದ ಚಿತ್ರದಲ್ಲಿ ಮನೆಯ ಮೇಲೆ ಚುಚ್ಚಿದ ಪಿನ್ ಇನ್ನೊಂದು ವರ್ಷದಲ್ಲಿ ಪಕ್ಕದ ಓಣಿಗೆ ಬಿದ್ದಿರುತ್ತದೆ. ಪಿನ್ ಸರಿದಿಲ್ಲ, ಚಿತ್ರ ಸರಿದಿದೆ. ಉಪಗ್ರಹ ಓರೆಯಾಗಿ ನೋಡಿ ತೆಗೆದ ಚಿತ್ರವನ್ನು ನೆಲದ ಏರುತಗ್ಗಿಗೆ ಹೊಂದಿಸುವಾಗ ಕೆಲವು ಮೀಟರ್ ತಪ್ಪು ಉಳಿಯುತ್ತದೆ, ಮಲೆನಾಡಿನ ಗುಡ್ಡಗಳಲ್ಲಿ ಇದು ಇನ್ನೂ ಹೆಚ್ಚು. ಹಾಗಾಗಿ ಗುಡಿಗೊಂದು ಪಿನ್ ಹಾಕಿ, ಅಲ್ಲಿಂದ ಮನೆಗೆ ಎಷ್ಟು ಮೀಟರ್, ಯಾವ ದಿಕ್ಕು ಎಂದು ರೂಲರ್‌ನಲ್ಲಿ ಅಳೆದಿಟ್ಟುಕೊಳ್ಳಿ. ಬಾಲ್ಯದ ದೂರ ಇಲ್ಲಿ ಕುಗ್ಗುತ್ತದೆ. ಶಾಲೆಗೆ ನಡೆದ ಆ ದೊಡ್ಡ ದಾರಿ 600 ಮೀಟರ್ ಇದ್ದರೆ ಅದು ತಪ್ಪು ಜಾಗವೆಂದು ಬಿಟ್ಟುಬಿಡಬೇಡಿ.

ಮರಗಳ ಅಡಿ ಮನೆ ಮುಚ್ಚಿಹೋದಲ್ಲಿ ಎಲೆ ಉದುರುವ ಫೆಬ್ರವರಿ, ಏಪ್ರಿಲ್ ನಡುವಿನ ಚಿತ್ರ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಮೋಡ. ಅಡಿಕೆ ತೋಟ ಮಾತ್ರ ಯಾವ ಕಾಲಕ್ಕೂ ಬರಿದಾಗದು, ಅಲ್ಲಿ ಗ್ರಾಮನಕ್ಷೆಯೇ ಗತಿ. ಕರ್ನಾಟಕದ ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಅನೇಕ ಹಳ್ಳಿಗಳ ನಕ್ಷೆ ಪಿಡಿಎಫ್ ಆಗಿ ಸಿಗುತ್ತದೆ. ಅದನ್ನು ಜೆಪಿಜಿ ಮಾಡಿಕೊಂಡು, ಆಡ್ ಮೆನುವಿನ ಇಮೇಜ್ ಓವರ್‌ಲೇ ಮೂಲಕ ಚಿತ್ರದ ಮೇಲೆ ಹಾಸಿ. ಪಾರದರ್ಶಕತೆಯನ್ನು ಅರ್ಧಕ್ಕೆ ಇಟ್ಟು, ಹಸಿರು ಹಿಡಿಕೆಗಳನ್ನು ಎಳೆದು ಹಳ್ಳದ ತಿರುವು, ಕೆರೆ ಏರಿ, ದಾರಿ ಕೂಡುವ ಜಾಗ ಈ ಮೂರನ್ನು ಹೊಂದಿಸಿ. ಎರಡೇ ಬಿಂದು ಹೊಂದಿಸಿ ನಿಲ್ಲಿಸಿದರೆ ನಕ್ಷೆ ವಾಲಿದ್ದು ತಿಳಿಯುವುದಿಲ್ಲ. ಹಳೆಯ ಪಹಣಿಯಲ್ಲಿ ಸರ್ವೆ ನಂಬರ್ ಇದ್ದರೆ ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಅದನ್ನೇ ಹಾಕಿ ಜಮೀನು ಕಾಣಬಹುದು. ಗ್ರಾಮಠಾಣದ ಒಳಗಿನ ಮನೆಗಳಿಗೆ ಮಾತ್ರ ಇದರಿಂದ ಅಷ್ಟು ಉಪಯೋಗವಿಲ್ಲ.

ಊರೇ ನೀರಿನಡಿ ಇರುವವರಿಗೆ ದಾರಿ ಬೇರೆ. ಆಲಮಟ್ಟಿ ಹಿನ್ನೀರಿಗೆ ಹೋದ ಹಳೇ ಬಾಗಲಕೋಟೆಯ ತಗ್ಗು ಭಾಗದವರು ಲ್ಯಾಂಡ್‌ಸ್ಯಾಟ್ 5ರ 1980, 90ರ ದಶಕದ ಚಿತ್ರ ನೋಡಬಹುದು. ಅದರಲ್ಲಿ ಓಣಿ ಕಾಣದು, ಘಟಪ್ರಭೆಯ ಹಳೆಯ ಪಾತ್ರವೂ ಊರಿನ ಒಟ್ಟು ಆಕಾರವೂ ಕಾಣುತ್ತವೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರದು, ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ. ಆದ್ದರಿಂದ ಶರಾವತಿ ಮುಳುಗಡೆಯವರು ಬೇಸಿಗೆಯ ತಳವನ್ನೇ ನೋಡಬೇಕು. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ತೆರೆದು ಯುರೋಪಿನ ಸೆಂಟಿನೆಲ್-2 ಉಪಗ್ರಹ ಆರಿಸಿ, ಮೋಡದ ಮಿತಿ 10 ಪ್ರತಿಶತಕ್ಕೆ ಇಳಿಸಿ, ಮಳೆ ಕೈಕೊಟ್ಟ ವರ್ಷದ ಮುಂದಿನ ಏಪ್ರಿಲ್, ಮೇ ತಿಂಗಳಿಗೆ ಹೋಗಿ. 2017ರ ಬೇಸಿಗೆ, 2023ರ ಬರದ ನಂತರದ 2024ರ ಬೇಸಿಗೆ ಎರಡನ್ನೂ ನೋಡಿ. ಫಾಲ್ಸ್ ಕಲರ್ ಹಾಕಿದರೆ ನೀರು ಕಪ್ಪಾಗಿ, ಹಸಿರು ಕೆಂಪಾಗಿ ಬೇರ್ಪಡುತ್ತವೆ. ಒಂದು ಚುಕ್ಕೆ 10 ಮೀಟರ್, ಆದ್ದರಿಂದ ಮನೆಯ ಅಡಿಪಾಯ ಸಿಗದು. ದಿಬ್ಬಗಳೂ ಹಳೆಯ ಹೊಳೆಯ ಗೆರೆಯೂ ಸಿಗುತ್ತವೆ. ಲಿಂಗನಮಕ್ಕಿಯೊಳಗೆ ಮುಳುಗಿ, ನೀರು ತೀರ ಇಳಿದಾಗ ತಲೆ ಎತ್ತುವ ಹಿರೇಭಾಸ್ಕರ ಅಣೆಕಟ್ಟನ್ನು ಗುರುತಾಗಿ ಇಟ್ಟುಕೊಳ್ಳಿ.

ಇನ್ನೂ ಹಿಂದಿನದು ಬೇಕಾದರೆ ಅಮೆರಿಕದ ಕೊರೋನಾ ಬೇಹು ಉಪಗ್ರಹಗಳ ಫಿಲ್ಮು ಇದೆ, 1960ರಿಂದ 1972ರವರೆಗಿನದು. ಅಮೆರಿಕದ ಭೂವಿಜ್ಞಾನ ಸಂಸ್ಥೆಯಾದ ಯುಎಸ್‌ಜಿಎಸ್‌ನ ಅರ್ಥ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದು, ಊರಿನ ಸುತ್ತ ಚೌಕ ಹಾಕಿ, ಡಿಕ್ಲಾಸಿಫೈಡ್ ಡೇಟಾ ವಿಭಾಗ ಆರಿಸಿ. ಮೊದಲು ಸಣ್ಣ ಚಿತ್ರ ತೆರೆದು ಮೋಡ ನೋಡಿ. ಆಗಲೇ ಸ್ಕ್ಯಾನ್ ಆಗಿರುವುದು ಉಚಿತ, ಉಳಿದದ್ದಕ್ಕೆ ಹಣ ಕಟ್ಟಬೇಕು. ಫಿಲ್ಮಿನ ಉದ್ದನೆಯ ಪಟ್ಟಿಯನ್ನು ತುಂಡುತುಂಡಾಗಿ ಕೊಡುತ್ತಾರೆ, ಉತ್ತರ ದಿಕ್ಕು ಮೇಲೆಯೇ ಇರುತ್ತದೆಂದು ಭರವಸೆಯಿಲ್ಲ, ತೋರಿಸಿದ ಚೌಕ ಊರಿನಿಂದ ಸರಿದಿರಲೂಬಹುದು. ಹೊಳೆಯ ತಿರುವಿನಿಂದ ಹುಡುಕುತ್ತ ಬನ್ನಿ.

ಸಿಕ್ಕಿದ್ದನ್ನು ಪಿನ್ನುಗಳ ಸಮೇತ ಕೆಎಂಎಲ್ ಕಡತವಾಗಿ ಉಳಿಸಿ, ಪ್ರತಿ ಚಿತ್ರದ ಮೇಲೆ ದಿನಾಂಕ ಬರೆಯಿರಿ. ಊರಿನ ಹಿರಿಯರಿಗೆ ಫೋನಿನಲ್ಲಿ ತೋರಿಸುವ ಬದಲು ಎ3 ಕಾಗದದಲ್ಲಿ ಮುದ್ರಿಸಿ ಕೊಡಿ. ಮೂಡಲು, ಪಡುವಲು, ಗುಡಿ, ಕೆರೆ ಇಷ್ಟನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದು ಉಳಿದದ್ದನ್ನು ಖಾಲಿ ಬಿಡಿ. ಯಾರ ಹಟ್ಟಿ ಎಲ್ಲಿತ್ತು, ಸೇದೋ ಬಾವಿ ಯಾವುದು ಎಂದು ಅವರೇ ಪೆನ್ಸಿಲಿನಲ್ಲಿ ಗುರುತು ಹಾಕಲಿ. ಇಬ್ಬರ ಗುರುತು ಬೇರೆಯಾದರೆ ಎರಡನ್ನೂ ಪಿನ್ ಮಾಡಿ, ಕಾಲಪಟ್ಟಿಯ ಅತಿ ಹಳೆಯ ಸ್ಪಷ್ಟ ಚಿತ್ರದಲ್ಲಿ ಮತ್ತೆ ನೋಡಿ.