ಮೂರು ಮೋಟಾರ್ ಸುಟ್ಟ ಮೇಲೆ ಕಲಿತದ್ದು

ನಮ್ಮದು ಹೊಳಲ್ಕೆರೆ ಕಡೆ ಮೂರೆಕರೆ ಅಡಿಕೆ. ಬೋರ್ ಸುಮಾರು 650 ಅಡಿ. ಈಗಿರುವ ಏಳೂವರೆ ಎಚ್‌ಪಿ ಮೋಟಾರ್ ಇಳಿಸಿ ಎರಡು ಬೇಸಿಗೆ ಕಳೆದಿದೆ, ಒಮ್ಮೆಯೂ ಎತ್ತಿಸಿಲ್ಲ. ಅದಕ್ಕೆ ಮೊದಲು ಎರಡೇ ವರ್ಷದಲ್ಲಿ ಮೂರು ಸುಟ್ಟಿದ್ದವು. ಮೋಟಾರ್, ವೈಂಡಿಂಗ್, ಎತ್ತಿ ಇಳಿಸೋ ಕೂಲಿ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಕೈಬಿಟ್ಟಿತು.

ಮೊದಲನೆಯದು ವಿಡಿಯೋ ನೋಡಿ ತಂದದ್ದು. ಹುಡುಗ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ನೀರು ಹಾರಿಸಿದ್ದ. ತೊಟ್ಟಿಯಲ್ಲಿ ಯಾವ ಮೋಟಾರ್ ಓಡಲ್ಲ ಹೇಳಿ?

ಎರಡನೆಯದು ಹಿರಿಯೂರಿನ ಗೆಳೆಯ ಹೇಳಿದ್ದು. ಅವನು ಸುಳ್ಳು ಹೇಳಲಿಲ್ಲ. 2022ರಲ್ಲಿ ಅವರ ಕಡೆಯ ವಾಣಿವಿಲಾಸ ಸಾಗರ ಡ್ಯಾಂ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷ ಅವನ ಬೋರಲ್ಲಿ ನೀರು 150 ಅಡಿಗೇ ಸಿಗುತ್ತಿತ್ತು. ನನಗೆ 500 ಅಡಿಯಿಂದ ಎತ್ತಬೇಕು. ಅವನಿಗೆ ಚಿನ್ನದಂಥ ಮೋಟಾರ್ ನನಗೆ ಗುಜರಿಯಾಯ್ತು.

ಮೂರನೆಯದರಲ್ಲಿ ನಾನೇ ಜಾಣ ಅಂದುಕೊಂಡೆ. ಮಾರುವವರನ್ನು ಬಿಟ್ಟು ರಿಪೇರಿ ಮಾಡುವವರನ್ನೇ ಕೇಳೋಣ ಅಂತ ವೈಂಡಿಂಗ್ ಅಂಗಡಿಯಲ್ಲಿ ಹೋಗಿ ಕೂತೆ. ಹನ್ನೆರಡೋ ಹದಿಮೂರೋ ಮೋಟಾರ್ ಬಿದ್ದಿದ್ದವು. ಒಂಬತ್ತು ಒಂದೇ ಕಂಪನಿಯವು. ಅದು ಬೇಡ ಅಂತ ತೀರ್ಮಾನಿಸಿ, ಮೂರೇ ಬಂದಿದ್ದ ಇನ್ನೊಂದು ಕಂಪನಿಯದು ತಂದೆ. ಐದು ತಿಂಗಳಿಗೆ ಅದೂ ಅಲ್ಲೇ ಬಂದು ಮಲಗಿತು.

ಆಮೇಲೆ ತಲೆಗೆ ಹೊಳೆಯಿತು. ಊರಲ್ಲಿ ಎಣಿಸಿದೆ. ಆ 'ಒಂಬತ್ತರ' ಕಂಪನಿ ಮೋಟಾರ್ ನಲವತ್ತರ ಹತ್ತಿರ ಇದ್ದವು. ನಾನು ತಂದ ಕಂಪನಿಯವು ಐದೋ ಆರೋ, ಅದರಲ್ಲಿ ಮೂರು ಸುಟ್ಟಿದ್ದವು! ಜಾಸ್ತಿ ಮಾರಿದ್ದು ರಿಪೇರಿಗೂ ಜಾಸ್ತಿ ಬರುತ್ತೆ, ಅಲ್ವಾ?

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. 'ಚೆನ್ನಾಗಿದೆ' ಅನ್ನೋ ಮಾತು ಬರೆಯೋದೇ ಇಲ್ಲ. ನೀರು ಎಷ್ಟು ಅಡಿಗೆ ನಿಂತಿದೆ, ಟಿಸಿಯಿಂದ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಎಷ್ಟು ದೂರ, ಮೋಟಾರ್ ಓಡುವಾಗ ವೋಲ್ಟೇಜ್ ಎಷ್ಟು, ಮರಳು ಬರುತ್ತಾ, ಇಳಿಸಿದ ಮೇಲೆ ಎಷ್ಟು ಸಲ ಎತ್ತಿಸಿದ್ದಾರೆ, ಇಷ್ಟೇ. ನಮ್ಮದು ಲೈನಿನ ಕೊನೆ, ವೋಲ್ಟೇಜ್ ಕಮ್ಮಿ, ಬೇಸಿಗೆಯಲ್ಲಿ 340 ವೋಲ್ಟ್ ಸಿಕ್ಕರೆ ಪುಣ್ಯ. ಕೇಳಿ ಬರೆದುಕೊಂಡ ಇಪ್ಪತ್ತು ಚಿಲ್ಲರೆ ಜನರಲ್ಲಿ ನನ್ನಂಥ ಬೋರ್ ಇದ್ದವರು ಆರೇ ಮಂದಿ. ಅವರ ಮಾತು ಮಾತ್ರ ಉಳಿಸಿಕೊಂಡೆ. ಹೊಸದಾಗಿ ಕೊಂಡವರ ಮಾತು ಒಂದು ಬೇಸಿಗೆ ಕಳೆಯೋವರೆಗೂ ಲೆಕ್ಕಕ್ಕಿಲ್ಲ. ದುಡ್ಡು ಕೊಟ್ಟವರು ಮೊದಲ ತಿಂಗಳು ಹೊಗಳಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತೆ.

ವೈಂಡಿಂಗ್ ಅಂಗಡಿಯವರನ್ನೂ ಬಿಡಲಿಲ್ಲ. ಆದರೆ ಪ್ರಶ್ನೆ ಬದಲಾಯಿಸಿದೆ. ಆ ಪ್ರಶ್ನೆ ಯಾವುದು ಅಂತ ಇಲ್ಲಿ ಹೇಳಲ್ಲ. ಎಲ್ಲರೂ ಕೇಳೋಕೆ ಶುರು ಮಾಡಿದರೆ ಅವರು ನನಗೂ ಉತ್ತರ ಕೊಡಲ್ಲ.

ಕೊನೆಗೆ ತಂದದ್ದು ಆ 'ಒಂಬತ್ತರ' ಕಂಪನಿಯದೇ, 42 ಸಾವಿರದ ಹತ್ತಿರ ಬಿತ್ತು. ದುಡ್ಡು ಕೊಡೋ ಮೊದಲು ಐಎಸ್‌ಐ ಗುರುತಿನ ಜೊತೆಗಿದ್ದ ಸಿಎಂ/ಎಲ್ ನಂಬರನ್ನು, ಅಂದರೆ ಕಂಪನಿಯ ಲೈಸೆನ್ಸ್ ನಂಬರನ್ನು, ಆ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ. ಅಂಗಡಿಯವರ ಮುಖ ಸ್ವಲ್ಪ ಬಾಡಿತು, ಪರವಾಗಿಲ್ಲ.

ನಡುವೆ ಬ್ಯಾಟರಿ ಸ್ಪ್ರೇಯರ್ ಆನ್‌ಲೈನಲ್ಲಿ ನೋಡಿದ್ದೆ. ನಾಲ್ಕೂವರೆ ಸ್ಟಾರ್. ಕೆಳಗೆ ಇಳಿದು ಓದಿದರೆ, 'ಬಣ್ಣ ಚೆನ್ನಾಗಿದೆ, ಮಗಳಿಗೆ ತುಂಬಾ ಇಷ್ಟ ಆಯ್ತು' ಅಂತ ಇತ್ತು. ಯಾವುದೋ ಬೇರೆ ಸಾಮಾನಿನ ರಿವ್ಯೂ ಇದಕ್ಕೆ ಅಂಟಿಸಿದ್ದರು. ಇನ್ನೊಂದು ಕಡೆ ತರಿಸಿದೆ. ಡಬ್ಬದೊಳಗೆ ಚೀಟಿ: ಐದು ಸ್ಟಾರ್ ಕೊಟ್ಟರೆ ನೂರು ರೂಪಾಯಿ ವಾಪಸ್. ಈಗ ಮೂರು ಸ್ಟಾರ್ ಕೊಟ್ಟವರದ್ದನ್ನೇ ಮೊದಲು ಓದುತ್ತೇನೆ. ಅವರಿಗೆ ಹೊಗಳಿ ಲಾಭವಿಲ್ಲ, ಬೈಯುವಷ್ಟು ಸಿಟ್ಟೂ ಇಲ್ಲ.

'ಒಂದು ಮೋಟಾರ್ ತರೋಕೆ ಜನಗಣತಿ ಮಾಡ್ತೀಯಲ್ಲೋ' ಅಂತ ನಗಾಡಿದ್ದ ಭಾವ ಹೋದ ವಾರ ಫೋನ್ ಮಾಡಿದ್ದರು. ಪವರ್ ಟಿಲ್ಲರ್ ತಗೋಬೇಕಂತೆ, ಯಾವುದು ಒಳ್ಳೇದು ನೋಡು ಅಂದರು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದಿದ್ದೇನೆ. ಸದ್ಯಕ್ಕೆ ಎರಡೇ ಹೆಸರು ಸಿಕ್ಕಿವೆ. ಇಬ್ಬರದ್ದೂ ಎರೆ ಹೊಲ, ಭಾವನದು ಕೆಂಪು ಮಣ್ಣು.