ಮನೆಗೆ ಅಂತ ಇಟ್ಟುಕೊಳ್ಳುವ ಶೇಂಗಾ: ಒಣಗಿಸೋದು, ಆರಿಸೋದು, ಇಡೋದು

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ರಾಶಿ ಆದ ಮೇಲೆ ತುಂಬಿದ, ದಪ್ಪ ಕಾಳಿನ ಶೇಂಗಾ ಪೇಟೆಗೆ. ಮುರುಟಿದ್ದು, ಒಡೆದದ್ದು, ಮಳೆಗೆ ಸಿಕ್ಕು ಕಪ್ಪಾದದ್ದು ಮನೆಗೆ. ಅದರಲ್ಲೇ ಹಿಂಡಿ ಕುಟ್ಟುತ್ತಿದ್ದೆವು, ಮಿಕ್ಕಿದ್ದು ಎಮ್ಮೆಗೆ. (ಈ ಕಡೆಯವರಲ್ಲದವರಿಗೆ ಹೇಳುತ್ತೇನೆ: ನಮ್ಮಲ್ಲಿ ಶೇಂಗಾ ಚಟ್ನಿಪುಡಿಗೂ ಹಿಂಡಿ ಅನ್ನುತ್ತಾರೆ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯೋದಕ್ಕೂ ಹಿಂಡಿ ಅನ್ನುತ್ತಾರೆ.) ಲಕ್ಷ್ಮೇಶ್ವರದ ಹತ್ತಿರ ನಮ್ಮದು ನಾಲ್ಕು ಎಕರೆ ಮಸಾರಿ ಹೊಲ. ಮದುವೆಯಾಗಿ ಬಂದು 26 ವರ್ಷ. ಅದರಲ್ಲಿ 20 ವರ್ಷ ನಾನೂ ಹೀಗೇ ಮಾಡಿದೆ.

ಆಮೇಲೆ ಒಂದು ವರ್ಷ ಹುಬ್ಬಿ ಮಳೆ ಪೂರಾ ಕೈಕೊಟ್ಟಿತು. ಕಾಯಿ ಬಲಿಯುವ ಹೊತ್ತಿಗೆ ನೆಲ ಕಾದ ಹಂಚಿನಂತಾಗಿತ್ತು. ಹೇಗೋ ಕಿತ್ತು ಕಣಕ್ಕೆ ತಂದೆವು ಅನ್ನುವಷ್ಟರಲ್ಲಿ ಚಿತ್ತಿ ಮಳೆ ಮೂರು ದಿನ ಹೊಡೆಯಿತು. ತಾಡಪತ್ರಿ ಮುಚ್ಚಿದೆವು. ಒಳಗೆ ರಾಶಿ ಬೆವೆತು ಬಿಸಿಯಾಗಿದ್ದು ಗೊತ್ತೇ ಆಗಲಿಲ್ಲ. ಪೇಟೆಗೆ ಒಯ್ದಾಗ ದಲಾಲರು ಚೀಲದೊಳಗೆ ಕೈ ಹಾಕಿ, ಮೂಸಿ ನೋಡಿ, "ಬೂಷ್ಟು ಬಂದೈತ್ರೀ ಅಕ್ಕಾರ, ಇದನ್ನ ಮನಿಗೇ ಇಟ್ಕೋರಿ" ಅಂದರು. ಅವರೇನೂ ಚೇಷ್ಟೆ ಮಾಡಲಿಲ್ಲ. ಎಲ್ಲರೂ ಹಾಗೇ ಅನ್ನೋದು. ನಾನೂ ಹೂಂ ಅಂತ ವಾಪಸ್ ತಂದೆ.

ದೀಪಾವಳಿಗೆ ಅಕ್ಕನ ಮಗಳು ಬಂದಿದ್ದಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು ಆಗ. ಮೊರದಲ್ಲಿ ಹರವಿದ್ದ ಕಾಳು ನೋಡಿ, "ಚಿಗವ್ವಾ, ಅಂಗಡಿಗೆ ಬ್ಯಾಡಾದದ್ದು ಮನಿ ಮಂದಿಗೆ ಹೆಂಗ ನಡೀತೈತಿ?" ಅಂದಳು. ಅಂದೇ ಕೂತು ಅಫ್ಲಾಟಾಕ್ಸಿನ್ ಅಂದರೇನು ಅಂತ ತಿಳಿಸಿದಳು. ಅವಳು ಹೇಳಿದ್ದು, ನಾನು ಮಾಡಿ ನೋಡಿದ್ದು, ಎರಡೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಇದೇನು ಅಂತ ಅರ್ಥವಾಗಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಸುಮ್ನೆ ಹೆಚ್ಚಿನ ಕೆಲಸ ಅನ್ನಿಸುತ್ತದೆ.

ಮಣ್ಣಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಶಿಲೀಂಧ್ರ ಇರುತ್ತದೆ. ಹಸಿರು-ಹಳದಿ ಬೂಷ್ಟು. ಅದು ಕಾಳಿನೊಳಗೆ ಬೆಳೆಯುವಾಗ ಬಿಡುವ ವಿಷವೇ ಅಫ್ಲಾಟಾಕ್ಸಿನ್. ಬೂಷ್ಟು ಒರೆಸಿದರೆ ಹೋಗುತ್ತದೆ, ವಿಷ ಒಳಗೇ ಉಳಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ. ಹುರಿದರೆ ಒಂದಷ್ಟು ಕಡಿಮೆಯಾಗುತ್ತದೆ, ಪೂರ್ತಿ ಅಲ್ಲ. ಇದು ಮೊದಲು ಗೊತ್ತಾದದ್ದೂ ಶೇಂಗಾದಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಯಾವ ರೋಗ ಅಂತ ಹುಡುಕುತ್ತಾ ಹೋದರೆ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಗೆ ಬಂದು ನಿಂತಿತು.

ಕೋಳಿಗಾಯಿತು, ನಮಗೇನು ಅನ್ನಬೇಡಿ. 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಬಾಂಸವಾಡಾ, ಪಂಚಮಹಲ್ ಕಡೆ ಹಳ್ಳಿಗಳಲ್ಲಿ ಜನಕ್ಕೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. 397 ಜನ ಹಾಸಿಗೆ ಹಿಡಿದರು, 106 ಜನ ಸತ್ತರು. ಅವರು ತಿಂದ ಗೋವಿನಜೋಳದ (ಮೆಕ್ಕೆಜೋಳದ) ರೊಟ್ಟಿಯನ್ನೇ ತಿಂದ ನಾಯಿಗಳೂ ಸತ್ತವು. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿದ್ದು ಗೋವಿನಜೋಳಕ್ಕೆ ಬೂಷ್ಟು ಹತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಹೋಗಿ ಕಾಳು ಪರೀಕ್ಷಿಸಿ ಇದನ್ನು ಕಂಡುಹಿಡಿದರು. ಹಾವೇರಿ ಕಡೆಯವರು ಇದನ್ನು ಎರಡು ಸಲ ಓದಿ. ಗೋವಿನಜೋಳ ಹೆಚ್ಚು ಬೆಳೆಯೋರು ನೀವೇ ಅಲ್ವಾ.

ಅಂಥ ಸಾವು ಅಪರೂಪ. ಅದಕ್ಕೆ ತುಂಬಾ ವಿಷ ಬೇಕು. ನಮ್ಮಂಥವರಿಗೆ ಇರೋ ಚಿಂತೆ, ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗೋದು. ಅದು ಲಿವರಿಗೆ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಮಕ್ಕಳ ಲಸಿಕೆ ಕಾರ್ಡಿನಲ್ಲಿ ಆ ಲಸಿಕೆ ಬಿದ್ದಿದೆಯೋ ನೋಡಿಕೊಳ್ಳಿ. ದನ ಎಮ್ಮೆ ಇಂಥ ಹಿಂಡಿ ತಿಂದರೆ ವಿಷ ಬೇರೆ ರೂಪದಲ್ಲಿ ಹಾಲಿಗೂ ಇಳಿಯುತ್ತದೆ. ಎಮ್ಮೆಗೆ ಹಾಕಿದೆ, ಪೀಡೆ ಹೋಯಿತು ಅಂತ ನಾನು ಅಂದುಕೊಂಡಿದ್ದೆ ನೋಡಿ, ಅದು ಮಜ್ಜಿಗೆಯಾಗಿ ನಮ್ಮ ತಾಟಿಗೇ ಬರುತ್ತಿತ್ತು.

ಈಗ ಕೆಲಸಕ್ಕೆ ಬರೋಣ.

ಹೊಲದಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ಕೀಳುವ ಮುಂಚಿನ ನಾಲ್ಕಾರು ವಾರ ಮಳೆ ಇಲ್ಲದೆ ನೆಲ ಕಾದರೆ ಗಿಡ ಸೊರಗುತ್ತದೆ, ಶಿಲೀಂಧ್ರಕ್ಕೆ ಮಾತ್ರ ಆ ಬಿಸಿಯೇ ಹಿತ. ಬೋರ್ ನೀರು ಇದ್ದವರು ಆಗ ಒಂದು ಸಲ ಹಾಯಿಸಿದರೂ ಫರಕು ಬೀಳುತ್ತದೆ. ನಮಗೆ ನೀರಿಲ್ಲ, ಅದಕ್ಕೇ ಹೂ ಬಿಟ್ಟು ಸೂಜಿ (ಮುಂದೆ ಕಾಯಿ ಆಗೋ ಎಳೆ) ನೆಲಕ್ಕಿಳಿಯುವ ಹೊತ್ತಿಗೆ ಜಿಪ್ಸಂ ಹಾಕಿ ಮಣ್ಣೇರಿಸುತ್ತೇವೆ. ಜಿಪ್ಸಂನ ಸುಣ್ಣದಂಶ ಸಿಪ್ಪೆಯನ್ನು ಗಟ್ಟಿ ಮಾಡುತ್ತದೆ, ಗಟ್ಟಿ ಸಿಪ್ಪೆಯೊಳಗೆ ಬೂಷ್ಟು ಬೇಗ ನುಗ್ಗೋದಿಲ್ಲ. ಎಡೆ ಹೊಡೆಯುವಾಗ ಕಾಯಿಗೆ ಗಾಯ ಆಗದಂತೆ ನೋಡಿಕೊಳ್ಳಿ. ಗೆದ್ದಲು ಹತ್ತಿದ ಜಾಗ, ಒಣಗಿ ಸತ್ತ ಗಿಡ, ಇವನ್ನು ಬೇರೆಯಾಗಿ ಕಿತ್ತು ಬೇರೆಯೇ ಇಡಿ. ಇದೊಂದನ್ನು ನಮ್ಮ ಊರಲ್ಲಿ ಯಾರೂ ಮಾಡೋದಿಲ್ಲ, ಆಳಿನ ಲೆಕ್ಕ ಹಿಡಿಯುತ್ತಾರೆ.

ಯಾವಾಗ ಕೀಳಬೇಕು? ಎಲೆ ನೋಡಿ ಹೇಳೋದು ಕಷ್ಟ. ಅಲ್ಲಲ್ಲಿ ನಾಲ್ಕು ಗಿಡ ಕಿತ್ತು ಕಾಯಿ ಒಡೆದು ಸಿಪ್ಪೆಯ ಒಳಮೈ ನೋಡಿ. ಎಳಸಾಗಿದ್ದರೆ ಬೆಳ್ಳಗಿರುತ್ತದೆ, ಬಲಿತಿದ್ದರೆ ಕಂದು ಕಪ್ಪಾಗಿರುತ್ತದೆ. ನಾಲ್ಕರಲ್ಲಿ ಮೂರು ಪಾಲು ಕಪ್ಪಾಗಿದ್ದರೆ ಕಿತ್ತುಬಿಡಿ. ಆಳು ಸಿಗಲಿಲ್ಲ ಅಂತ ಬಲಿತ ಕಾಯನ್ನು ಹತ್ತು ದಿನ ನೆಲದಲ್ಲಿ ಬಿಟ್ಟರೆ ಅದೇ ಬೂಷ್ಟಿಗೆ ಆಮಂತ್ರಣ.

ಒಣಗಿಸೋದರಲ್ಲೇ ನಾವು ಜಾಸ್ತಿ ತಪ್ಪು ಮಾಡುತ್ತಿದ್ದದ್ದು. ಕಿತ್ತಾಗ ಕಾಯಲ್ಲಿ 35-40 ಪರ್ಸೆಂಟ್ ನೀರು ಇರುತ್ತದೆ. ಇಡೋ ಹೊತ್ತಿಗೆ ಅದು 8ಕ್ಕೆ ಇಳಿಯಬೇಕು. ಈ ಎರಡರ ನಡುವಿನ ದಿನಗಳೇ ಅಪಾಯದ್ದು. ನಾವು ಹಸಿ ಗಿಡ ಕಿತ್ತ ಕೂಡಲೇ ಬಣವೆ ಒಟ್ಟುತ್ತಿದ್ದೆವು. ಈಗ ಕಿತ್ತ ಗಿಡವನ್ನು ತಲೆಕೆಳಗು ಮಾಡಿ, ಬಳ್ಳಿ ನೆಲಕ್ಕೆ, ಕಾಯಿ ಮೇಲಕ್ಕೆ ಬರುವಂತೆ ಹೊಲದಲ್ಲೇ ಸಾಲಾಗಿ ಮಲಗಿಸುತ್ತೇವೆ. ಬಿಸಿಲು ಇದ್ದರೆ ಎರಡು ಮೂರು ದಿನ ಸಾಕು. ಕಾಯಿ ನೆಲ ಮುಟ್ಟೋದಿಲ್ಲ, ಗಾಳಿ ಆಡುತ್ತದೆ. ಬಿಡಿಸಿದ ಮೇಲೆ ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ, ದಿನಕ್ಕೆ ಮೂರು ನಾಲ್ಕು ಸಲ ಕೈಯಾಡಿಸಿ. ಬರೀ ಮಣ್ಣಿನ ಕಣ ಬೇಡ, ಆ ಶಿಲೀಂಧ್ರ ಇರೋದೇ ಮಣ್ಣಿನಲ್ಲಿ. ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಿ, ಬೆಳಿಗ್ಗೆ ಬಿಸಿಲು ಏರಿದ ಮೇಲೆ ಬಿಚ್ಚಿ. ಮಳೆ ಬಂದರೂ ಅಷ್ಟೇ: ನಿಂತ ಕೂಡಲೇ ಬಿಚ್ಚಬೇಕು. ಮೂರು ದಿನ ಮುಚ್ಚಿಟ್ಟು ನಾನು ಏನು ಕಳಕೊಂಡೆ ಅಂತ ಮೇಲೆ ಓದಿದಿರಲ್ಲ.

ಒಣಗಿದೆಯಾ ಅಂತ ತಿಳಿಯಲು ಯಂತ್ರ ಬೇಕಿಲ್ಲ. ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಗಲಗಲ ಅನ್ನಬೇಕು. ಕಾಳು ಬೆರಳಲ್ಲಿ ತಿಕ್ಕಿದರೆ ಕೆಂಪು ಪೊರೆ ಬಿಡಬೇಕು. ಹಲ್ಲಲ್ಲಿ ಕಚ್ಚಿದರೆ ಟಕ್ ಅಂತ ಮುರಿಯಬೇಕು, ಮೆತ್ತಗೆ ಬಗ್ಗಬಾರದು. ಗೋವಿನಜೋಳಕ್ಕೆ ಉಪ್ಪಿನ ಪರೀಕ್ಷೆ ಇದೆ. ಒಣಗಿದ ಗಾಜಿನ ಬಾಟಲಿಗೆ ಮುಕ್ಕಾಲಿಗಿಂತ ಕಡಿಮೆ ಕಾಳು ತುಂಬಿ ಎರಡು ಮೂರು ಚಮಚ ಒಣ ಪುಡಿ ಉಪ್ಪು ಹಾಕಿ, ಮುಚ್ಚಿ, ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ನೀರಿನಂಶ 15 ಪರ್ಸೆಂಟಿಗಿಂತ ಜಾಸ್ತಿ. ಅಂಟಲಿಲ್ಲ ಅಂದರೂ ಅವತ್ತೇ ಚೀಲ ಕಟ್ಟಬೇಡಿ. ಬಹಳ ದಿನ ಇಡಲು 12-13 ಇರಬೇಕು, ಮತ್ತೊಂದೆರಡು ಬಿಸಿಲು ತೋರಿಸಿ. ಉಪ್ಪನ್ನು ಹಂಚಿನ ಮೇಲೆ ಬಿಸಿ ಮಾಡಿ ಒಣಗಿಸಿಕೊಳ್ಳಿ, ಮಳೆಗಾಲದ ಉಪ್ಪು ತಾನೇ ಹಸಿಯಾಗಿರುತ್ತದೆ.

ಸುಲಿಯುವಾಗ ಬೆರಳು ನೋಯುತ್ತದೆ ಅಂತ ಕಾಯಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳೋದು ನಮ್ಮ ಹಳೇ ಉಪಾಯ. ಬಿಟ್ಟುಬಿಡಿ. ಇಷ್ಟು ದಿನ ಒಣಗಿಸಿದ್ದೆಲ್ಲ ಒಂದು ಚೆಂಬು ನೀರಿಗೆ ಹೋಗುತ್ತದೆ. ಆಫ್ರಿಕಾದ ಮಲಾವಿಯಲ್ಲೂ ಹೆಂಗಸರು ಹೀಗೇ ಮಾಡುತ್ತಾರಂತೆ, ಅಲ್ಲಿ ಕೆಲಸ ಮಾಡಿದ ವಿಜ್ಞಾನಿಗಳೂ ಇದನ್ನೇ ಬಿಡಿಸಲು ನೋಡಿದ್ದಾರೆ. ಎಲ್ಲಿಯ ಮಲಾವಿ, ಎಲ್ಲಿಯ ಲಕ್ಷ್ಮೇಶ್ವರ! ಬೇಕಾದಾಗ ಬೇಕಾದಷ್ಟೇ ಸುಲಿಯಿರಿ, ಉಳಿದದ್ದು ಸಿಪ್ಪೆಯೊಳಗೇ ಇರಲಿ.

ಇನ್ನು ಹಸನು ಮಾಡೋದು. ಒಂದೇ ಕೆಲಸಕ್ಕೆ ಪುರುಸೊತ್ತು ಇದೆ ಅಂದರೆ ಇದನ್ನು ಮಾಡಿ. ವಿಷ ರಾಶಿ ಪೂರ್ತಿ ಸಮನಾಗಿ ಇರೋದಿಲ್ಲ. ಹೆಚ್ಚಿನ ಪಾಲು ಕೆಲವೇ ಕೆಟ್ಟ ಕಾಳುಗಳಲ್ಲಿ ಕೂತಿರುತ್ತದೆ. ಯಾವುವು? ಮುರುಟಿದ್ದು, ಬಣ್ಣ ಮಾಸಿದ್ದು, ಹುಳು ತೂತು ಬಿದ್ದದ್ದು, ಮೊಳಕೆ ಒಡೆದದ್ದು, ಬೂಷ್ಟು ಕಂಡದ್ದು. ಅಂದರೆ ನಾವು ಮನೆಗೆ ಅಂತ ಎತ್ತಿಡುತ್ತಿದ್ದವೇ! ಹಗಲು ಬೆಳಕಲ್ಲಿ, ಬಿಳಿ ಬಟ್ಟೆ ಮೇಲೆ ಹರವಿ ಆರಿಸಿ. ಬಾಯಿಗೆ ಕಹಿ ಹತ್ತಿದ ಕಾಳು ನುಂಗಬೇಡಿ, ಉಗುಳಿ. ಆದರೆ ಕಹಿ ಇಲ್ಲ ಅಂದರೆ ವಿಷ ಇಲ್ಲ ಅಂತಲೂ ಅಲ್ಲ. ಯುರೋಪಿನವರು ನೇರವಾಗಿ ತಿನ್ನೋ ಶೇಂಗಾದಲ್ಲಿ ಕೆ.ಜಿ.ಗೆ 4 ಮೈಕ್ರೋಗ್ರಾಂಗಿಂತ ಜಾಸ್ತಿ ಇದ್ದರೆ ತಗೊಳ್ಳೋದಿಲ್ಲ. ಅಕ್ಕನ ಮಗಳು ಲೆಕ್ಕ ಹಾಕಿ ತೋರಿಸಿದಳು: ಹತ್ತು ಟನ್ನಿನ ನೂರು ಲಾರಿ ಶೇಂಗಾಕ್ಕೆ ಒಂದು ಸಣ್ಣ ಚಮಚ ಸಕ್ಕರೆಯಷ್ಟು. ಅಷ್ಟು ಸಣ್ಣದನ್ನು ನಾಲಿಗೆ ಹಿಡಿಯೋದೆಲ್ಲಿ?

ಇಡೋದು ಹೇಗೆ ಅಂತ ಜಾಸ್ತಿ ಹೇಳೋದಿಲ್ಲ. ಹೊಸ ಇಲ್ಲವೇ ಒಗೆದು ಒಣಗಿಸಿದ ಗೋಣಿಚೀಲ, ಕೆಳಗೆ ಹಲಗೆ, ಗೋಡೆಯಿಂದ ಒಂದು ಮೊಳ ದೂರ. ಇಲಿ, ಹುಳು ಬರದಂತೆ ನೋಡಿಕೊಳ್ಳಿ, ಅವು ಕಾಳಿಗೆ ತೂತು ಮಾಡಿದರೆ ಬೂಷ್ಟಿಗೆ ಬಾಗಿಲು ತೆರೆದ ಹಾಗೆ. ಪ್ಲಾಸ್ಟಿಕ್ ಚೀಲ ಚೆನ್ನಾಗಿ ಒಣಗಿದ ಕಾಳಿಗೆ ಮಾತ್ರ. ಹಸಿ ಇದ್ದರೆ ಒಳಗೇ ಬೆವರುತ್ತದೆ. ನಮ್ಮ ಮಾವನವರ ಕಾಲದಲ್ಲಿ ಜೋಳಕ್ಕೆ ಹಗೇವು (ಕಾಳು ಇಡೋ ನೆಲದೊಳಗಿನ ಗುಂಡಿ) ಇತ್ತು, ಅದರ ಕತೆ ಬೇರೆ.

ಗಾಣದ ಎಣ್ಣೆಗೂ ಆರಿಸಿದ ಕಾಳನ್ನೇ ಒಯ್ಯಿರಿ. ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದರೂ ಗಾಣದ ಎಣ್ಣೆಯಲ್ಲಿ ಒಂದಿಷ್ಟು ಬರುತ್ತದೆ. ಕಾರ್ಖಾನೆಯಲ್ಲಿ ರಿಫೈನ್ ಮಾಡುವಾಗ ಅದು ಹೋಗುತ್ತದೆ, ಗಾಣದಲ್ಲಿ ಆ ಕೆಲಸ ಇಲ್ಲ. ಗಾಣದೆಣ್ಣೆ ಅಂದರೆ ಕಣ್ಣು ಮುಚ್ಚಿ ಶುದ್ಧ ಅನ್ನೋರಿಗೆ ಈ ಮಾತು ಹಿಡಿಸೋದಿಲ್ಲ. ನನಗೂ ಹಿಡಿಸಿರಲಿಲ್ಲ.

ಪರೀಕ್ಷೆ ಮಾಡಿಸಬೇಕು ಅಂದರೆ ಎಲ್ಲಿಗೆ ಕಳಿಸಬೇಕು ಅಂತ ಗದಗಿನವರು ಹುಲಕೋಟಿ, ಹಾವೇರಿಯವರು ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಆದರೆ ಚೀಲದ ಮೇಲಿನ ಒಂದು ಹಿಡಿ ಕಾಳು ಒಯ್ದು ಚೆನ್ನಾಗಿದೆ ಅನ್ನಿಸಿಕೊಂಡು ಬರಬೇಡಿ. ಎಲ್ಲ ಚೀಲಗಳ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು, ಎಲ್ಲ ಕಲಸಿ, ಅದರಿಂದ ಒಂದೆರಡು ಕೆ.ಜಿ. ಒಯ್ಯಿರಿ. ಒಂದೇ ಕೆಟ್ಟ ಕಾಳು ಆ ಹಿಡಿಯಲ್ಲಿ ಬಂತೋ ಬಿಟ್ಟಿತೋ ಅನ್ನೋದರ ಮೇಲೆ ಫಲಿತಾಂಶ ಬದಲಾಗುತ್ತದೆ.

ಆರಿಸಿ ತೆಗೆದದ್ದನ್ನು ಏನು ಮಾಡೋದು? ಕೋಳಿಗೂ ಬೇಡ, ಎಮ್ಮೆಗೂ ಬೇಡ, ಬೀಜಕ್ಕೂ ಬೇಡ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಳವಾಗಿ ಹೂಳಿ. ಮೊದಲ ವರ್ಷ ನಾಲ್ಕು ಚೀಲಕ್ಕೆ ಒಂದು ಪುಟ್ಟಿ ತೆಗೆದಾಗ ಅತ್ತೆಯವರು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. "ಬೆಳದ ಕಾಳ ಮಣ್ಣಿಗೆ ಹಾಕ್ತೀಯಲ್ಲವಾ" ಅಂದದ್ದು ಅಷ್ಟೇ. ಹೋದ ವರ್ಷ ಆರಿಸಲು ಅವರೇ ಕೂತಿದ್ದರು. ಕಣ್ಣು ಮಂಜು, ಆದರೆ ಬೆರಳಿಗೆ ಮುರುಟಿದ ಕಾಳು ಸಿಕ್ಕರೆ ತಪ್ಪೋದಿಲ್ಲ. ಸಂಜೆ ಪುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೊರಟಾಗ, "ಗುದ್ಲಿ ತಗೊಂಡು ಹೋಗ, ಆಳ ತಗಿ, ಕೋಳಿ ಕೆದರ್ತಾವು" ಅಂದರು.